ಟ್ರಿನಿಡಾಡ್‌ನಲ್ಲಿ ಎಲ್ಲಿ ತಿನ್ನಬೇಕು? ಮೊದಲು ಗಡಿಯಾರ ನೋಡಿ

ಟ್ರಿನಿಡಾಡ್‌ಗೆ ಬರುವ ನೆಂಟರೆಲ್ಲ ಟಿಕೆಟ್ ಮಾಡಿಸಿದ ಕೂಡಲೇ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೆ ಯಾವ ಹೋಟೆಲ್ ಚೆನ್ನಾಗಿದೆ?" ನಾನು ಹೋಟೆಲಿನ ಹೆಸರು ಹೇಳುವುದಿಲ್ಲ. ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಅಂತ ತಿರುಗಿ ಕೇಳುತ್ತೇನೆ.

ಯಾಕೆಂದರೆ ಈ ದ್ವೀಪದ ಒಳ್ಳೆಯ ತಿಂಡಿಗಳೆಲ್ಲ ಸಿಗುವುದು ರಸ್ತೆ ಬದಿಯ ಗಾಡಿಗಳಲ್ಲಿ, ಪುಟ್ಟ ರೋಟಿ ಅಂಗಡಿಗಳಲ್ಲಿ, ಸಮುದ್ರದ ದಂಡೆಯ ಗೂಡುಗಳಲ್ಲಿ. ಒಂದೊಂದು ಜಾಗದಲ್ಲಿ ಒಂದೆರಡೇ ತಿಂಡಿ. ಒಂದೊಂದಕ್ಕೂ ಒಂದು ಹೊತ್ತು. ಆ ಹೊತ್ತು ಮೀರಿ ಹೋದರೆ ಬಾಗಿಲು ಹಾಕಿರುತ್ತದೆ, ಇಲ್ಲವೇ ತಳ ಹತ್ತಿದ್ದು ಉಳಿದಿರುತ್ತದೆ. ಹೋಟೆಲಿನ ಬಫೆಯಲ್ಲಿ ಹತ್ತು ಗಂಟೆಗೆ ಟೋಸ್ಟ್ ತಿಂದು, ಮಧ್ಯಾಹ್ನ ಮೂರಕ್ಕೆ 'ಲೋಕಲ್ ಫುಡ್' ಹುಡುಕಿಕೊಂಡು ಹೊರಟವರಿಗೆ ಕೊನೆಗೆ ಸಿಗುವುದು ಕೆಎಫ್‌ಸಿ. ಅದು ಇಲ್ಲಿ ಬೀದಿ ಬೀದಿಗೂ ಇದೆ.

ನಾವಿರುವುದು ಸೇಂಟ್ ಆಗಸ್ಟಿನ್‌ನಲ್ಲಿ, ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಹತ್ತಿರ. ನಾನು ಸಸ್ಯಾಹಾರಿ. ನಮ್ಮವರು ಎಲ್ಲವನ್ನೂ ತಿನ್ನುತ್ತಾರೆ. ಹಾಗಾಗಿ ಏಡಿ, ಮೀನಿನ ಬಗ್ಗೆ ಇಲ್ಲಿ ಹೇಳುವುದೆಲ್ಲ ಅವರ ನಾಲಿಗೆಯ ಸಾಕ್ಷಿ. ಉಳಿದದ್ದು ನನ್ನದು.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. 1845ರ ಮೇ 30ರಂದು ಫಾತೆಲ್ ರಜಾಕ್ ಎಂಬ ಹಡಗು ಭಾರತದಿಂದ ಕಬ್ಬಿನ ತೋಟಕ್ಕೆ ಕೂಲಿಯವರನ್ನು ಇಲ್ಲಿಗೆ ತಂದಿತು. 1917ರವರೆಗೂ ಹೀಗೆ ಜನ ಬರುತ್ತಲೇ ಇದ್ದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಅದಕ್ಕೇ ಚನ್ನಾ, ಆಲೂ, ಭಾಜಿ, ಚೋಖಾ ಅನ್ನುವ ಹೆಸರುಗಳು ಇಲ್ಲಿ ಎಲ್ಲರ ಬಾಯಲ್ಲೂ ಇವೆ. ಆಫ್ರಿಕಾ ಮೂಲದವರು, ಚೀನಾ ಮೂಲದವರು, ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ದೋಸೆ ಹುಡುಕಬೇಡಿ. ಸಾಸಿವೆ, ಕರಿಬೇವಿನ ಒಗ್ಗರಣೆಯನ್ನೂ ಹುಡುಕಬೇಡಿ. ಇಲ್ಲಿನ ಒಗ್ಗರಣೆ ಅಂದರೆ ಬೆಳ್ಳುಳ್ಳಿ, ಜೀರಿಗೆ. ಕೊತ್ತಂಬರಿಯ ಜಾಗದಲ್ಲಿ 'ಶಾಡೋ ಬೆನಿ' ಅನ್ನುವ ಉದ್ದ ಎಲೆಯ ಸೊಪ್ಪು. ವಾಸನೆ ಕೊತ್ತಂಬರಿಯದೇ, ಘಾಟು ಮಾತ್ರ ಜಾಸ್ತಿ.

ಬೆಳಗ್ಗೆ: ಡಬಲ್ಸ್

ಆರೂವರೆಯಿಂದ ಎಂಟೂವರೆ. ಇದು ಡಬಲ್ಸ್ ಹೊತ್ತು. ರಾತ್ರಿಯೂ ಸಿಗುತ್ತದೆ, ಆದರೆ ನನ್ನ ಪ್ರಕಾರ ಬೆಳಗಿನದೇ ಸರಿ. ಆಫೀಸಿಗೆ ಹೊರಟವರು, ಯೂನಿಫಾರ್ಮಿನ ಮಕ್ಕಳು, ರಾತ್ರಿ ಪಾಳಿ ಮುಗಿಸಿದ ನರ್ಸುಗಳು, ಪೊಲೀಸರು, ಎಲ್ಲರೂ ಒಂದೇ ಗಾಡಿಯ ಸುತ್ತ ನಿಂತಿರುತ್ತಾರೆ.

ಡಬಲ್ಸ್ ಅಂದರೆ ಎರಡು ಬಾರಾ, ನಡುವೆ ಕಾಬೂಲಿ ಕಡಲೆಯ ಗೊಜ್ಜು. ಬಾರಾ ಅಂದರೆ ಮೈದಾಕ್ಕೆ ಅರಿಶಿನ ಹಾಕಿ, ಹಿಟ್ಟು ಹುದುಗು ಬಂದ ಮೇಲೆ ಕರಿದ ಮೆತ್ತನೆಯ ರೊಟ್ಟಿ. ಪ್ರಿನ್ಸಸ್ ಟೌನ್‌ನ ದೀನ್ ಕುಟುಂಬದವರು 1930ರ ದಶಕದಲ್ಲಿ ಇದನ್ನು ಶುರುಮಾಡಿದರು ಅಂತ ಹೇಳುತ್ತಾರೆ. ಈಗ ಇಡೀ ದೇಶ ಇದನ್ನೇ ತಿನ್ನುತ್ತದೆ.

ಗಾಡಿಯವರ ಕೈಯನ್ನು ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಬಟ್ಟೆ ಸುತ್ತಿಟ್ಟ ಬಾರಾ ಡಬ್ಬದ ಒಳಗೇ ಬೆವರಿ ಮೆತ್ತಗಾಗಿರುತ್ತದೆ. ಅಂಗೈ ಮೇಲೆ ಎಣ್ಣೆ ಹೀರದ ಕಾಗದ. ಅದರ ಮೇಲೆ ಒಂದು ಬಾರಾ, ಅದಕ್ಕೆ ಅರ್ಧ ಒತ್ತಿದ ಹಾಗೆ ಇನ್ನೊಂದು. ಮೇಲೆ ಒಂದು ಸೌಟು ಚನ್ನಾ. ಆಮೇಲೆ ಹುಣಸೆ ಚಟ್ನಿ, ಸೌತೆಕಾಯಿ ತುರಿ, ಕುಚೇಲಾ ಅನ್ನುವ ಮಾವಿನಕಾಯಿ ತುರಿಯ ಉಪ್ಪಿನಕಾಯಿ, ಕೊನೆಗೆ ಚಮಚದ ತುದಿಯಲ್ಲಿ ಖಾರ. ಕಾಗದದ ಎರಡು ಅಂಚು ಹಿಡಿದು ಒಮ್ಮೆ ಗಿರ್ರನೆ ತಿರುಗಿಸಿದರೆ ಪೊಟ್ಟಣ ರೆಡಿ. ನೀವು ಹಣ ತೆಗೆಯಲು ಪರ್ಸಿಗೆ ಕೈ ಹಾಕುವಷ್ಟರಲ್ಲಿ ನಿಮ್ಮ ಹಿಂದಿನವರದ್ದೂ ಮುಗಿದಿರುತ್ತದೆ.

ಅಂದಹಾಗೆ ಹಣ ಮೊದಲೇ ಕೊಡಬೇಕಾಗಿಲ್ಲ. ತಿನ್ನಿ, ಬೇಕಾದರೆ ಇನ್ನೊಂದು ಕೇಳಿ, ಕೊನೆಗೆ ಎಷ್ಟು ತಿಂದಿರಿ ಅಂತ ನೀವೇ ಹೇಳಿ ಕೊಡಿ. ಹೆಚ್ಚಿನ ಕಡೆ ಲೆಕ್ಕ ಇಡುವುದು ತಿಂದವರ ಬಾಯಿಯೇ.

ಕೇಳುವ ಕ್ರಮ ಹೀಗೆ. ಮೊದಲು ನಮಸ್ಕಾರ, ಅಂದರೆ 'ಗುಡ್ ಮಾರ್ನಿಂಗ್'. ಇದನ್ನು ಬಿಡಬೇಡಿ. ಅಂಗಡಿಯ ಬಾಗಿಲಲ್ಲಿ, ಟ್ಯಾಕ್ಸಿ ಹತ್ತುವಾಗ, ಎಲ್ಲೇ ಆಗಲಿ, ಮುಖ ನೋಡಿ ಹೇಳದೆ ನೇರ ವ್ಯವಹಾರಕ್ಕೆ ಇಳಿದರೆ ಒರಟು ಜನ ಅಂದುಕೊಳ್ಳುತ್ತಾರೆ. ಕತ್ತಲಾದ ಮೇಲೆ ಬಂದವರು ಮೊದಲ ಮಾತಿಗೇ 'ಗುಡ್ ನೈಟ್' ಅನ್ನುತ್ತಾರೆ. ಗಾಬರಿಯಾಗಬೇಡಿ, ಅದು ಬೀಳ್ಕೊಡುಗೆಯಲ್ಲ. ಆಮೇಲೆ 'ಟೂ, ಸ್ಲೈಟ್' ಅನ್ನಿ. ಎರಡು ಡಬಲ್ಸ್, ಖಾರ ಚೂರೇ ಚೂರು ಅಂತ ಅರ್ಥ. 'ಮೀಡಿಯಂ' ಇದೆ, 'ಪ್ಲೆಂಟಿ' ಇದೆ. ನಾವು ಖಾರದವರು, ನಮಗೇನು ಅನ್ನುವ ಜಂಬವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬನ್ನಿ. ಈ ದ್ವೀಪದ ಮೊರುಗಾ ಸ್ಕಾರ್ಪಿಯನ್ ಅನ್ನುವ ಮೆಣಸಿನಕಾಯಿಯನ್ನು 2012ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾಲಯದವರು ಜಗತ್ತಿನಲ್ಲೇ ಅತಿ ಖಾರದ್ದು ಅಂತ ಹೇಳಿದ್ದರು. ಗಾಡಿಯಲ್ಲಿ ಹಾಕುವುದು ಅಷ್ಟು ಉಗ್ರವಲ್ಲ. ಆದರೂ ನಮ್ಮ ಮೈದುನ 'ಪ್ಲೆಂಟಿ' ಅಂದ ದಿನ ಅವನ ಬೆಳಗಿನ ಹೊತ್ತೆಲ್ಲ ಎಳನೀರಿನ ಗಾಡಿಯ ಪಕ್ಕದಲ್ಲೇ ಕಳೆಯಿತು.

ಚಮಚ ಕೇಳಬೇಡಿ. ಮೇಲಿನ ಬಾರಾದ ಚೂರು ಹರಿದು ಅದರಿಂದಲೇ ಚನ್ನಾ ಎತ್ತಿಕೊಳ್ಳಿ. ಸ್ವಲ್ಪ ಮುಂದಕ್ಕೆ ಬಾಗಿ ನಿಲ್ಲಿ. ಬಿಳಿ ಬಟ್ಟೆ ಹಾಕಿಕೊಂಡು ಹೋಗಲೇಬೇಡಿ.

ಎಲ್ಲಿ? ನಮ್ಮ ಹತ್ತಿರದ ಕ್ಯೂರೆಪ್ ಜಂಕ್ಷನ್ ಡಬಲ್ಸ್‌ಗೆ ಹೆಸರುವಾಸಿ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಸಿಟಿ ಗೇಟ್ ನಿಲ್ದಾಣದಿಂದ ಕೆಂಪು ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿ ಹತ್ತಿದರೆ ಬರಬಹುದು. ಮ್ಯಾಕ್ಸಿ ಅಂದರೆ ಬಿಳಿ ಮಿನಿ ಬಸ್ಸು. ಪಟ್ಟಿಯ ಬಣ್ಣ ನೋಡಿ ಹತ್ತಬೇಕು: ಪೂರ್ವಕ್ಕೆ ಕೆಂಪು, ದಕ್ಷಿಣಕ್ಕೆ ಹಸಿರು, ರಾಜಧಾನಿಯ ಪಶ್ಚಿಮಕ್ಕೆ ಹಳದಿ. ಪೋರ್ಟ್ ಆಫ್ ಸ್ಪೇನ್‌ನಲ್ಲೇ ಉಳಿದಿದ್ದರೆ ವುಡ್‌ಬ್ರೂಕ್‌ನ ಅರಿಯಪೀಟ ಅವೆನ್ಯೂ ಕಡೆ ನಡೆಯಿರಿ. ಯಾವ ಗಾಡಿ ಒಳ್ಳೆಯದು ಅಂತ ತಿಳಿಯಲು ಫೋನ್ ನೋಡಬೇಕಾಗಿಲ್ಲ. ರಸ್ತೆಗೆ ಅಡ್ಡಡ್ಡ ನಿಲ್ಲಿಸಿದ ಕಾರುಗಳು ಎಲ್ಲಿ ಜಾಸ್ತಿ ಇವೆಯೋ ಅಲ್ಲಿ ನಿಲ್ಲಿ.

ಡಬಲ್ಸ್ ಬೇಸರ ಬಂದ ದಿನಕ್ಕೆ ಸಾದಾ ರೋಟಿ. ತವಾ ಮೇಲೆ ಬೇಯಿಸಿ, ಬೆಂಕಿಗೆ ಹಿಡಿದು ಉಬ್ಬಿಸಿದ ದಪ್ಪ ರೊಟ್ಟಿ. ಜೊತೆಗೆ ಟೊಮೇಟೊ ಚೋಖಾ ಇಲ್ಲವೇ ಬದನೆ ಚೋಖಾ. ನಮ್ಮ ಪಕ್ಕದ ಮನೆಯ ಆಂಟಿ ಬದನೆಕಾಯಿಗೆ ಚಾಕುವಿನಿಂದ ಚುಚ್ಚಿ, ಒಳಗೆ ಬೆಳ್ಳುಳ್ಳಿ ಎಸಳು ತುರುಕಿ, ಒಲೆಯ ಮೇಲೆ ನೇರವಾಗಿ ಸುಡುತ್ತಾರೆ. ಸಿಪ್ಪೆ ಕರ್ರಗೆ ಬಿರಿದ ಮೇಲೆ ಕೆರೆದು ಕಿವುಚಿ, ಹಸಿ ಈರುಳ್ಳಿ ಹರಡಿ, ಹೊಗೆಯಾಡುವ ಎಣ್ಣೆಯನ್ನು ಮೇಲೆ ಚುಂಯ್ ಅನ್ನಿಸುತ್ತಾರೆ. ಅಂಗಡಿಗಳಲ್ಲೂ ಹಾಗೇ ಮಾಡುತ್ತಾರೆ. ಎಂಟು ಗಂಟೆಯ ಮೇಲೆ ಉಳಿಯುವುದು ಅನುಮಾನ.

ಮಧ್ಯಾಹ್ನ: ರೋಟಿ ಅಂಗಡಿ

ಹನ್ನೊಂದೂವರೆಗೆ ಹೋಗಿ. ಹನ್ನೆರಡಕ್ಕೆ ಆಫೀಸುಗಳು ಬಿಟ್ಟರೆ ಸಾಲು ರಸ್ತೆಗೆ ಬರುತ್ತದೆ. ಎರಡು ಗಂಟೆಗೆ "ಕುಂಬಳ ಖಾಲಿ, ಭಾಜಿ ಖಾಲಿ" ಅಂತ ಶುರುವಾಗುತ್ತದೆ. ಭಾನುವಾರ ಬಹಳಷ್ಟು ರೋಟಿ ಅಂಗಡಿಗಳಿಗೆ ರಜೆ.

ಇಲ್ಲಿ ಎರಡು ಬಗೆ. ಒಂದು ದಾಲ್‌ಪುರಿ: ಬಟಾಣಿ ಬೇಳೆಯನ್ನು ಬೇಯಿಸಿ, ಜೀರಿಗೆ ಸೇರಿಸಿ, ಪುಡಿಪುಡಿಯಾಗಿ ಅರೆದು ರೋಟಿಯ ಹೊಟ್ಟೆಗೆ ತುಂಬಿ ಲಟ್ಟಿಸಿರುತ್ತಾರೆ. ಅಗಲವೆಂದರೆ ತಟ್ಟೆಯ ಆಚೆ ಈಚೆ ನೇತಾಡುವಷ್ಟು. ಅದರೊಳಗೆ ಪಲ್ಯ ಹಾಕಿ ಮಡಚಿ ಕಾಗದ ಸುತ್ತಿ ಕೊಡುತ್ತಾರೆ. ಇನ್ನೊಂದು ಬಸ್ ಅಪ್ ಶಟ್: ಪದರ ಪದರದ ಪರಾಟ. ಬೇಯುತ್ತಿರುವಾಗಲೇ ತವಾ ಮೇಲೆ ಎರಡು ಮರದ ಪಟ್ಟಿಗಳಿಂದ ಬಡಿದು ಬಡಿದು ಚಿಂದಿ ಮಾಡಿರುತ್ತಾರೆ. ಅದನ್ನು ತಟ್ಟೆಯಲ್ಲಿ, ಪಲ್ಯಗಳನ್ನು ಪಕ್ಕಕ್ಕಿಟ್ಟುಕೊಂಡು, ಕೈಯಲ್ಲಿ ತಿನ್ನಬೇಕು. ಹೊರಗೆ ತಿರುಗಾಡುತ್ತಾ ತಿನ್ನುವುದಾದರೆ ದಾಲ್‌ಪುರಿ, ಕೂತು ತಿನ್ನುವುದಾದರೆ ಬಸ್ ಅಪ್ ಶಟ್. ನನ್ನ ಓಟು ಎರಡನೆಯದಕ್ಕೆ.

ಸಸ್ಯಾಹಾರಿಗಳು ಇಲ್ಲಿ ರಾಜರು. ಚನ್ನಾ ಆಲೂ, ಸಿಹಿಗುಂಬಳ, ಬೋಡಿ ಅನ್ನುವ ಉದ್ದ ಅಲಸಂದೆಕಾಯಿ, ಸೊಪ್ಪಿನ ಭಾಜಿ, ಬೆಲ್ಲ ಬಣ್ಣದ ಮಾವಿನಕಾಯಿ ಗೊಜ್ಜು. ಮಾವಿನಕಾಯಿ ಗೊಜ್ಜನ್ನು ಕೇಳಿ ಹಾಕಿಸಿಕೊಳ್ಳಿ. ಓಟೆ ಸಮೇತ ಬೇಯಿಸಿರುತ್ತಾರೆ, ಚೀಪಬೇಕು. ನಮ್ಮವರು ಆಡು ಇಲ್ಲವೇ ಬಾತುಕೋಳಿ ಕರಿ ತೆಗೆದುಕೊಳ್ಳುತ್ತಾರೆ. ಮೂಳೆ ಇರುತ್ತದೆ, ಅವಸರ ಬೇಡ ಅನ್ನುವುದು ಅವರ ಸಲಹೆ. ರೋಟಿಗೆ ಜೋಡಿ ಕೆಂಪು ಸೋಲೋ. ಇಲ್ಲೇ ತಯಾರಾಗುವ ಸಿಹಿ ಸೋಡಾ. ನನಗೆ ಅತಿ ಸಿಹಿ, ಆದರೆ ಈ ಊರಿನವರು ಬೇರೆ ಒಪ್ಪುವುದಿಲ್ಲ.

ಪೋರ್ಟ್ ಆಫ್ ಸ್ಪೇನ್‌ನ ರೈಟ್‌ಸನ್ ರಸ್ತೆಯಲ್ಲಿ, ಬಂದರಿನ ಪಕ್ಕ, ಬ್ರೆಕ್‌ಫಾಸ್ಟ್ ಶೆಡ್ ಇದೆ. ಹೆಸರಿಗೆ ಬೆಳಗಿನ ತಿಂಡಿ, ಆದರೆ ಮಧ್ಯಾಹ್ನವೂ ಜನ ತುಂಬಿರುತ್ತಾರೆ. ಒಂದೇ ಸೂರಿನ ಕೆಳಗೆ ಸಾಲು ಅಡುಗೆಮನೆಗಳು, ನಡೆಸುವವರು ಹೆಂಗಸರು. ಕ್ರಿಯೋಲ್ ಅಡುಗೆ, ಅಂದರೆ ಮುಖ್ಯವಾಗಿ ಆಫ್ರಿಕಾ ಮೂಲದವರ ಅಡುಗೆ ತಿನ್ನಬೇಕು ಅಂದರೆ ಇಲ್ಲಿಗೇ ಬನ್ನಿ. ಬೇಯಿಸಿದ ಮೀನು, ಮ್ಯಾಕರೋನಿ ಪೈ, ಗೆಡ್ಡೆ ಗೆಣಸು, ಮತ್ತು ಕಲಲೂ. ಕಲಲೂ ಅಂದರೆ ಕೆಸುವಿನೆಲೆ, ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಬೇಯಿಸಿ ಕಡೆದದ್ದು. ಬಣ್ಣ ಕಡು ಹಸಿರು, ಸ್ವಲ್ಪ ಲೋಳೆ. ಸೊಪ್ಪು ಅಂತ ನಂಬಿ ಹಾಕಿಸಿಕೊಳ್ಳಬೇಡಿ. ಏಡಿಯೋ ಉಪ್ಪು ಹಾಕಿದ ಹಂದಿ ಬಾಲವೋ ಹಲವು ಸಲ ಒಳಗಿರುತ್ತದೆ. ಎಲ್ಲ ಅಡುಗೆಮನೆಗಳ ಮುಂದೂ ಒಂದು ಸುತ್ತು ಹಾಕಿ, ಪಾತ್ರೆ ನೋಡಿ, ಆಮೇಲೆ ನಿಲ್ಲಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮರಾಕಸ್ ಕಡಲ ತೀರ

ಇದಕ್ಕೆ ಒಂದು ಅರ್ಧ ದಿನ ಇಟ್ಟುಕೊಳ್ಳಿ. ಪೋರ್ಟ್ ಆಫ್ ಸ್ಪೇನ್‌ನಿಂದ ಮುಕ್ಕಾಲು ಗಂಟೆ, ಬೆಟ್ಟದ ಸುತ್ತು ದಾರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಮಾಡಿದ ರಸ್ತೆ ಇದು. ಕಾರು ಗೊತ್ತುಮಾಡಿಕೊಂಡು ಹೋಗುವುದೇ ಸುಖ. ನೀವೇ ಓಡಿಸುವುದಾದರೆ ಇಲ್ಲೂ ಎಡಗಡೆಯೇ ಸಂಚಾರ, ಕಷ್ಟವಿಲ್ಲ.

ದಾರಿಯಲ್ಲಿ ಸಮುದ್ರ ಕಾಣುವ ತಿರುವಿನಲ್ಲಿ ಇಳಿಯಿರಿ. ಅಲ್ಲಿನ ಗೂಡುಗಳಲ್ಲಿ 'ಚೌ' ಸಿಗುತ್ತದೆ: ಮಾವಿನಕಾಯಿ, ಅನಾನಸ್ ಅಥವಾ ಅಮಟೆ ಜಾತಿಯ ಪಾಮ್‌ಸಿಟೆ ಕಾಯಿಯ ಹೋಳುಗಳಿಗೆ ಉಪ್ಪು, ಬೆಳ್ಳುಳ್ಳಿ, ಶಾಡೋ ಬೆನಿ, ಮೆಣಸಿನಕಾಯಿ ಹಾಕಿ ಕುಲುಕಿ ಕೊಡುತ್ತಾರೆ. ಹುಣಸೆ ಉಂಡೆ, ಕೊಬ್ಬರಿ ಮಿಠಾಯಿಯೂ ಇರುತ್ತದೆ. ಕೊಳ್ಳುವ ಮೊದಲು ರುಚಿಗೆ ಒಂದು ಹೋಳು ಕೇಳಿ, ಕೊಡುತ್ತಾರೆ.

ಕೆಳಗೆ ತೀರದಲ್ಲಿ ಎಲ್ಲರೂ ತಿನ್ನುವುದು ಬೇಕ್ ಅಂಡ್ ಶಾರ್ಕ್. 'ಬೇಕ್' ಅನ್ನುತ್ತಾರೆ, ಆದರೆ ಎಣ್ಣೆಯಲ್ಲಿ ಕರಿದ ಉಬ್ಬು ರೊಟ್ಟಿ. ಒಳಗೆ ಕರಿದ ಶಾರ್ಕ್ ಮೀನು. ರಿಚರ್ಡ್ಸ್ ಅನ್ನುವ ಅಂಗಡಿಯ ಮುಂದೆ ಸಾಲು ಉದ್ದ, ಅಕ್ಕಪಕ್ಕದವರೂ ಕಡಿಮೆಯಿಲ್ಲ ಅಂತ ನಮ್ಮವರ ತೀರ್ಪು. ರುಚಿ ಇರುವುದು ಸಾಸುಗಳ ಮೇಜಿನಲ್ಲಿ. ಬೆಳ್ಳುಳ್ಳಿ ಸಾಸ್, ಶಾಡೋ ಬೆನಿ ಸಾಸ್, ಹುಣಸೆ, ಕೋಸು, ಅನಾನಸ್, ಖಾರ. ಎಲ್ಲವನ್ನೂ ಸುರಿದುಕೊಂಡರೆ ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಮೂರಕ್ಕೆ ನಿಲ್ಲಿಸಿ. ಶಾರ್ಕ್ ಸಂತತಿ ಕಡಿಮೆಯಾಗುತ್ತಿದೆ ಅನ್ನುವ ಕಾಳಜಿ ಇದ್ದವರು ಕಿಂಗ್ ಫಿಶ್ ಕೇಳಬಹುದು. ನಮ್ಮ ಮನೆಯಲ್ಲಿ ಈಗ ಅದೇ ರೂಢಿ. ನಾನು ಖಾಲಿ ಬೇಕ್ ತೆಗೆದುಕೊಂಡು ಅದರೊಳಗೆ ಅನಾನಸ್, ಕೋಸು, ಹುಣಸೆ ತುಂಬಿಸಿಕೊಳ್ಳುತ್ತೇನೆ. ಎಣ್ಣೆ ಮಾತ್ರ ಮೀನು ಕರಿದದ್ದೇ ಇರಬಹುದು. ಅದು ಆಗದವರು ಚೌ ಸಾಕು ಮಾಡಿಕೊಳ್ಳಿ.

ವಾರದ ನಡುವೆ ಹೋಗಿ. ಭಾನುವಾರ ಇಡೀ ಊರೇ ಅಲ್ಲಿರುತ್ತದೆ, ಅದನ್ನು ನೋಡಲೇಬೇಕು ಅನ್ನುವವರಿಗೆ ಬೇಡ ಅನ್ನುವುದಿಲ್ಲ.

ಸಂಜೆ, ರಾತ್ರಿ

ಸಂಜೆ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಸವಾನಾ ಮೈದಾನದ ಸುತ್ತ ಎಳನೀರು, ಜೋಳದ ಸೂಪು. ಸೂಪಿನಲ್ಲಿ ಬಟಾಣಿ ಬೇಳೆ, ಮುಸುಕಿನ ಜೋಳದ ತುಂಡು, ಹಿಟ್ಟಿನ ಉಂಡೆ. ಮಾಂಸ ಹಾಕಿದ್ದಾರಾ ಅಂತ ಕೇಳಿಯೇ ತೆಗೆದುಕೊಳ್ಳಿ. ರಾತ್ರಿ ಸೇಂಟ್ ಜೇಮ್ಸ್‌ನ ವೆಸ್ಟರ್ನ್ ಮೇನ್ ರೋಡ್ ಎಚ್ಚರವಾಗಿರುತ್ತದೆ. ರಾಜಧಾನಿಯಲ್ಲಿ ಕತ್ತಲಾದ ಮೇಲೆ ಕಾಲ್ನಡಿಗೆಯಲ್ಲಿ ಅಲೆಯಬೇಡಿ. ಗೊತ್ತಿರುವವರ ಕಾರಿನಲ್ಲಿ ಹೋಗಿ, ತಿಂದು ಬನ್ನಿ.

ನನಗೆ ಇಷ್ಟವಾದ ಸಂಜೆ ಮಾತ್ರ ದಕ್ಷಿಣದಲ್ಲಿದೆ, ಡೆಬೆಯಲ್ಲಿ. ಸ್ಯಾನ್ ಫರ್ನಾಂಡೊ ದಾಟಿ ಸ್ವಲ್ಪ ದೂರ. ತಿಂಡಿ ಅಂಗಡಿಗಳು ಸಾಲಾಗಿವೆ. ಪೊಲೌರಿ ಅಂದರೆ ಬೇಳೆ ಹಿಟ್ಟಿನ ಪುಟ್ಟ ಬೋಂಡ, ಹುಣಸೆ ಅಥವಾ ಮಾವಿನ ಚಟ್ನಿಯಲ್ಲಿ ಅದ್ದಿ ತಿನ್ನುವುದು. ಬೈಗನಿ ಅಂದರೆ ಬದನೆ ಬಜ್ಜಿ. ಆಲೂ ಪೈಯನ್ನು ಹೊಟ್ಟೆ ಸೀಳಿ ಚನ್ನಾ ತುಂಬಿ ಕೊಡುತ್ತಾರೆ. ಇನ್ನು ಸಹೀನಾ. ಕೆಸುವಿನೆಲೆ, ಬೇಳೆ ಹಿಟ್ಟು ಸೇರಿಸಿ ಕರಿದದ್ದು. ಮೊದಲ ತುತ್ತಿಗೇ ಪತ್ರೊಡೆಯ ದಾಯಾದಿ ಅಂತ ಗೊತ್ತಾಗಿಬಿಡುತ್ತದೆ. ನಮ್ಮತ್ತೆ ಇಲ್ಲಿಗೆ ಬಂದಾಗ ಬೇರೆ ಯಾವುದಕ್ಕೂ ಮಾರ್ಕು ಕೊಡಲಿಲ್ಲ, ಇದಕ್ಕೆ ಮಾತ್ರ "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ.

ದೀಪಾವಳಿಯ ಸಮಯದಲ್ಲಿ ಬಂದರೆ ಚಗ್ವಾನಸ್‌ನ 'ದಿವಾಲಿ ನಗರ' ಅನ್ನುವ ಮೇಳಕ್ಕೆ ಹೋಗಿ. 1986ರಿಂದ ನಡೆಯುತ್ತಿದೆ, ಹಬ್ಬದ ಮುಂಚಿನ ಹಲವು ರಾತ್ರಿ. ಅಲ್ಲಿ ಪೂರ್ತಿ ಸಸ್ಯಾಹಾರ, ಸುಮ್ನೆ ಕಣ್ಣು ಮುಚ್ಚಿ ತಿನ್ನಬಹುದು. ಕ್ರಿಸ್‌ಮಸ್‌ನಲ್ಲಿ ಬಂದರೆ ಉಲ್ಟಾ. ಬಾಳೆಯೆಲೆಯಲ್ಲಿ ಕಟ್ಟಿದ ಪಾಸ್ಟೆಲ್ ಕಂಡು ಕಡುಬು ಅಂದುಕೊಳ್ಳಬೇಡಿ, ಒಳಗೆ ಮಾಂಸ. ಪೈಮಿ ಕೇಳಿ. ಅದು ಕುಂಬಳ, ತೆಂಗಿನಕಾಯಿಯ ಸಿಹಿ.

ಟೊಬೇಗೊಗೆ ಹೋಗುವವರಿಗೆ

ಟೊಬೇಗೊ ಇದೇ ದೇಶದ ಇನ್ನೊಂದು ದ್ವೀಪ. ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಹಡಗಿನಲ್ಲಿ ಮೂರ್ನಾಲ್ಕು ಗಂಟೆ, ಅಲೆ ಜೋರಿದ್ದರೆ ಹೊಟ್ಟೆ ತೊಳಸುತ್ತದೆ. ವಿಮಾನ ಇಳಿದು ನಡೆದೇ ಹೋಗುವಷ್ಟು ಹತ್ತಿರ ಸ್ಟೋರ್ ಬೇ. ಅಲ್ಲಿ ಹೆಂಗಸರು ನಡೆಸುವ ಅಡುಗೆಗೂಡುಗಳು ಸಾಲಾಗಿವೆ. ತಿನ್ನಬೇಕಾದದ್ದು ಏಡಿ ಕರಿ ಮತ್ತು ಡಂಪ್ಲಿಂಗ್. ಮೈದಾದ ಚಪ್ಪಟೆ ತುಂಡುಗಳನ್ನು ಬೇಯಿಸಿ, ಚಿಪ್ಪು ಸಮೇತ ಏಡಿಯ ಸಾರನ್ನು ಮೇಲೆ ಸುರಿಯುತ್ತಾರೆ. ಚಿಪ್ಪು ಒಡೆದು ಹೀರಬೇಕು. ಸಾರು ಮೊಣಕೈವರೆಗೂ ಇಳಿಯುತ್ತದೆ ಅಂತ ಗೊತ್ತಿದ್ದೇ ನಮ್ಮವರು ಈಜು ಬಟ್ಟೆಯಲ್ಲೇ ತಿನ್ನಲು ಕೂರುತ್ತಾರೆ, ಮುಗಿದ ಮೇಲೆ ನೇರ ಸಮುದ್ರಕ್ಕೆ. ನನ್ನ ತಟ್ಟೆಗೆ ಡಂಪ್ಲಿಂಗ್, ಬೇಳೆ, ಗೆಡ್ಡೆ. ಹನ್ನೆರಡರ ಹೊತ್ತಿಗೆ ಹೋದರೆ ಎಲ್ಲವೂ ಬಿಸಿ.

ಹಣದ ವಿಷಯ ಚುಟುಕಾಗಿ. ಇಲ್ಲಿನದು ಟ್ರಿನಿಡಾಡ್ ಡಾಲರ್, ಒಂದು ಅಮೆರಿಕನ್ ಡಾಲರಿಗೆ ಆರೂ ಮುಕ್ಕಾಲರ ಸುಮಾರು ಸಿಗುತ್ತದೆ. ಡಬಲ್ಸ್‌ಗೆ ಒಂದು ಅಮೆರಿಕನ್ ಡಾಲರಿನ ಆಸುಪಾಸು. ಗಾಡಿಯವರಿಗೆ ಕಾರ್ಡು ನಡೆಯುವುದಿಲ್ಲ. 5, 10, 20ರ ನೋಟು ಇಟ್ಟುಕೊಳ್ಳಿ. ಬೆಳಗ್ಗೆ ಏಳಕ್ಕೆ 100ರ ನೋಟು ಚಾಚಿದರೆ ಅವರ ಮುಖ ನೋಡಬೇಕು. ಕೂತು ತಿನ್ನುವ ರೆಸ್ಟೋರೆಂಟುಗಳಲ್ಲಿ ಮೆನು ಬೆಲೆಯ ಮೇಲೆ ಶೇ. 12.5 ವ್ಯಾಟ್, ಹಲವು ಕಡೆ ಶೇ. 10 ಸರ್ವಿಸ್ ಚಾರ್ಜ್ ಬೀಳಬಹುದು. ಆರ್ಡರ್ ಕೊಡುವ ಮೊದಲೇ ಕೇಳಿಬಿಡಿ.

ಮನೆಗೆ ಒಯ್ಯಲು ಕುಚೇಲಾ ಮತ್ತು ಪೆಪ್ಪರ್ ಸಾಸ್ ಕೊಳ್ಳಿ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಬೇಡ, ಸೂಪರ್‌ಮಾರ್ಕೆಟ್ಟಿನಲ್ಲಿ ಅಗ್ಗ. ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಚೆಕ್ ಇನ್ ಮಾಡುವ ಪೆಟ್ಟಿಗೆಯಲ್ಲೇ ಇಡಿ. ಕೈಚೀಲದಲ್ಲಿ ಇಟ್ಟರೆ ಸೆಕ್ಯೂರಿಟಿಯವರು ತೆಗೆದಿಟ್ಟುಕೊಳ್ಳುತ್ತಾರೆ.